ಚಿಮಣಿಯವರ ಸೊಸೆ ಕ್ಷಮೆ ಕೇಳಿದ್ದು

ಕಸುಬಿನ ಫೋನು ಲೆಂಪಿಯ ಏಪ್ರನ್ ಜೇಬಿನಲ್ಲಿ ಗುಂಯ್‌ಗುಟ್ಟಿದಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಗುರುವಾರದ ಬಟಾಣಿ ಸೂಪು, ಸಾಸಿವೆ, ರೈ ಬ್ರೆಡ್ಡು. ಕಿರ್ಸಿ ಕೈ ಚಾಚಿದಳು. ಅಷ್ಟರಲ್ಲಿ ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡಾಗಿತ್ತು.

“ಹೂಂ,” ಎಂದಳು ಲೆಂಪಿ. ಆ ಕಡೆಯ ದನಿ ನಿಂತಮೇಲೆ, “ಬಂದಾಗ ಬರ್ತಾನೆ,” ಎಂದಳು. ಫೋನು ಮತ್ತೆ ಜೇಬು ಸೇರಿತು.

“ಯಾರು ಅತ್ತೆ?”

“ಯಾರೋ ಗಿರಾಕಿ.”

“ಏನು ಕೇಳಿದ್ರು?”

“ಯಾವಾಗ ಬರ್ತಾನೆ ಅಂತ. ಇನ್ನೇನು ಕೇಳ್ತಾರೆ, ಸೂಪು ಹೇಗಾಗಿದೆ ಅಂತಾನಾ?”

ಹದಿನೇಳರ ಮಗಳು ಹಿಲ್ಲಾ ಕಿಸಕ್ಕೆಂದಳು. ಕಿರ್ಸಿಯ ಗಂಡ ಎಸ್ಕೊ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಈ ಮಾತಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಕೂತಿದ್ದ. ಸಂಬಂಧ ಅವನದೇ. ಊರಿನ ಸೂರುಗಳ ಮೇಲಿನ ಚಿಮಣಿಗಳ, ಎಂದರೆ ಹೊಗೆಕೊಳವೆಗಳ, ಮಸಿ ತೆಗೆಯುವವನು ಅವನು, ಅವನಿಗಿಂತ ಮುಂಚೆ ಅವನಪ್ಪ. ಆ ಕಾಲದಲ್ಲಿ ಒಂದು ಸೀಮೆಯ ಚಿಮಣಿಗಳೆಲ್ಲ ಒಬ್ಬನಿಗೇ ಎಂದು ಸರ್ಕಾರವೇ ಬರೆದುಕೊಟ್ಟಿತ್ತು. ಬೇರೆಯವನನ್ನು ಕರೆಯುವ ಹಾಗಿರಲಿಲ್ಲ. ಹಾಗಾಗಿ ಲೆಂಪಿ ಫೋನಿನಲ್ಲಿ ಎಷ್ಟು ಕಡಿಮೆ ಹೇಳಿದರೂ ಧಾರಾಳವಾಗಿ ಸಾಕಾಗುತ್ತಿತ್ತು. ಆಮೇಲೆ ಕಾನೂನು ಬದಲಾಯಿತು. ಯಾರು ಯಾರನ್ನು ಬೇಕಾದರೂ ಕರೆಸಿಕೊಳ್ಳಿ ಎಂದಾಯಿತು. ತಂಪೆರೆ ನಗರದಿಂದ ಬಿಳಿ ವ್ಯಾನಿನ ಕಂಪನಿಯೊಂದು ಬಂತು. ಫೋನಿನಲ್ಲೇ ದಿನ, ಗಂಟೆ ಗೊತ್ತುಮಾಡಿ ಸಂದೇಶ ಕಳಿಸುತ್ತಿತ್ತು. ಎಸ್ಕೊನ ಗಿರಾಕಿಗಳಲ್ಲಿ ಮೂರರಲ್ಲೊಂದು ಪಾಲು ಜನ ಜಗಳವಿಲ್ಲದೆ, ಒಂದು ಮಾತೂ ಆಡದೆ, ಆ ಕಡೆ ಸರಿದರು. ಈ ಹಾಮೆ ಸೀಮೆಯವರು ಹೀಗೆಯೇ. ಸಿಟ್ಟು ಬಂದರೆ ಹೇಳುವುದಿಲ್ಲ, ಸುಮ್ಮನೆ ಬರುವುದನ್ನು ಬಿಡುತ್ತಾರೆ.

ಕಳೆದ ವಸಂತದಲ್ಲಿ ಕಿರ್ಸಿಯ ಕೆಲಸವೂ ಹೋಗಿತ್ತು. ಇಪ್ಪತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬೇಯಿಸಿ ಬಡಿಸಿದವಳು. ಈಗ ಮಕ್ಕಳ ಊಟ ಪಕ್ಕದೂರಿನಿಂದ ಬಿಸಿ ಡಬ್ಬಿಗಳಲ್ಲಿ ಬರುತ್ತದೆ. ಉದ್ಯೋಗ ಕಚೇರಿಯವರು ಮುಂದಿಟ್ಟ ಕೋರ್ಸುಗಳಲ್ಲಿ ಅವಳು ಆರಿಸಿಕೊಂಡದ್ದು ಗ್ರಾಹಕ ಸೇವೆ ಮತ್ತು ಗ್ರಾಹಕ ಸಂಬಂಧ. ನಲವತ್ತಾರನೆಯ ವಯಸ್ಸಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಮಗಳು ಹತ್ತುವ ಬಸ್ಸನ್ನೇ ಹತ್ತುವುದಕ್ಕೆ ಅವಳಿಗೇನೂ ನಾಚಿಕೆಯಾಗಲಿಲ್ಲ. ಮಗಳಿಗೆ ಆಯಿತು, ಅದು ಬೇರೆ ಮಾತು.

“ಕಾಲೇಜಲ್ಲಿ ಏನು ಕಲಿಸಿದ್ರಮ್ಮ ಇವತ್ತು?” ಎಂದು ಹಿಲ್ಲಾ ಕೇಳಿದಳು.

“ಎದುರುಬದುರು ನಿಲ್ಲಿಸಿ ‘ನಮಸ್ಕಾರ, ನಿಮಗೆ ಏನು ಸಹಾಯ ಮಾಡಲಿ’ ಅನ್ನೋಕೆ ಹೇಳಿದ್ರು. ಕಾಗದದ ಗಿರಣಿಯಿಂದ ಬಂದ ಗಂಡಸರಿಬ್ಬರು ನೆಲ ನೋಡ್ಕೊಂಡು ನಿಂತಿದ್ರು. ಒಬ್ಬ ನನ್ನ ಹತ್ರ ‘ಸಹಾಯ ಬೇಕಾ? ಬೇಡ ತಾನೆ?’ ಅಂದ.”

“ನೀನು?”

“ನಾನು ಚೆನ್ನಾಗೇ ಹೇಳ್ದೆ. ಟೀಚರು ಎಲ್ಲರಿಗೂ ನನ್ನ ಹತ್ರಾನೇ ಹೇಳಿಸಿ ತೋರಿಸಿದ್ರು.”

ಲೆಂಪಿ ತಟ್ಟೆಯಿಂದ ತಲೆಯೆತ್ತಲಿಲ್ಲ. “ನಗೋಕೂ ಕಾಲೇಜು,” ಎಂದಳು.

ಕಿರ್ಸಿಗೆ ಕೋಪ ಬರಲಿಲ್ಲ. ಹಸಿದ ಮುನ್ನೂರು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ ಹೆಂಗಸಿಗೆ ಒಬ್ಬ ಅತ್ತೆ ಯಾವ ಲೆಕ್ಕ? ಅವಳಿಗೆ ಒಂದು ಮಾತು ಚೆನ್ನಾಗಿ ತಿಳಿದಿತ್ತು: ಈ ಫೋನು ಹೀಗೆಯೇ ಇದ್ದರೆ ಇನ್ನೆರಡು ವರ್ಷದಲ್ಲಿ ಎಸ್ಕೊ ಏಣಿ ಮಾರಬೇಕಾಗುತ್ತದೆ.

ಸೆಪ್ಟೆಂಬರಿನಲ್ಲಿ ಟೀಚರು ಮನೆಗೆಲಸ ಕೊಟ್ಟರು. ನಿಜವಾದ ಒಂದು ಕಸುಬಿನ ಗಿರಾಕಿಗಳಿಂದ ಅಭಿಪ್ರಾಯ ತರಿಸಬೇಕು. ಸೊನ್ನೆಯಿಂದ ಹತ್ತರವರೆಗೆ ಅಂಕ; ನಮ್ಮ ಹೆಸರನ್ನು ಇನ್ನೊಬ್ಬರಿಗೆ ಹೇಳುತ್ತೀರಾ ಎಂಬುದೊಂದೇ ಪ್ರಶ್ನೆ. ಕಿರ್ಸಿ ಅದನ್ನು ಊಟದ ಹೊತ್ತಿಗೇ ಎತ್ತಿದಳು.

“ಚಿಮಣಿ ಶುದ್ಧ ಆಯ್ತೋ ಇಲ್ವೋ. ಅದರಲ್ಲಿ ಅಂಕ ಎಲ್ಲಿಂದ ಬರುತ್ತೆ?” ಎಂದಳು ಲೆಂಪಿ.

“ಎಸ್ಕೊ, ನೀನೇನಂತೀಯ?”

ಎಸ್ಕೊ ಮ್ಯಾಕರೋನಿಯ ಮೇಲೆ ಕೆಚಪ್ಪು ಸುರಿದುಕೊಂಡ. ಬಾಟಲಿಯ ಮುಚ್ಚಳ ಹಾಕಿದ. “ಕೇಳು ಬೇಕಾದ್ರೆ,” ಎಂದ. ಅವನ ಬಾಯಲ್ಲಿ ಅದು ದೊಡ್ಡ ಭಾಷಣ.

ಹಿಲ್ಲಾ ಫೋನಿನಲ್ಲಿ ಎಲ್ಲ ಜೋಡಿಸಿಕೊಟ್ಟಳು. ಆ ಬೇಸಿಗೆಯಲ್ಲಿ ಎಸ್ಕೊ ಹತ್ತಿಳಿದ ಮನೆಗಳಿಗೆಲ್ಲ ಸಂದೇಶ ಹೋಯಿತು. ಉತ್ತರಗಳು ಬಂದವು. ಏಳು. ಆರು. ಏಳು. ಆರು. ಒಬ್ಬ ಎಂಟು ಕೊಟ್ಟಿದ್ದ, ಅವನು ಎಸ್ಕೊನ ಸೋದರಮಾವನ ಮಗ. ಹತ್ತು ಒಂದೂ ಇರಲಿಲ್ಲ. ಕಿರ್ಸಿ ಪಾಠದ ಪುಸ್ತಕ ಬಿಡಿಸಿದಳು. ಒಂಬತ್ತು, ಹತ್ತು ಕೊಟ್ಟವರು ಮಾತ್ರ ನಮ್ಮವರು. ಏಳು, ಎಂಟರವರಿಗೆ ನಾವು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಆರು ಮತ್ತು ಅದಕ್ಕಿಂತ ಕೆಳಗಿನವರು ಬೇಸರಗೊಂಡವರು, ನಾಳೆಯೇ ಬಿಟ್ಟುಹೋಗುವವರು.

“ಅಯ್ಯೋ, ಅಪ್ಪ ಫೇಲು,” ಎಂದಳು ಹಿಲ್ಲಾ.

ಎಸ್ಕೊ ಹೆಂಡತಿಯ ಭುಜದ ಮೇಲಿಂದ ಅಂಕಗಳನ್ನು ನೋಡಿದ. ನೇರ ಹಿತ್ತಲಿಗೆ ಹೋದ. ಸಾಕಷ್ಟು ಸೌದೆ ಒಡೆದಾಗಿದ್ದರೂ ಕತ್ತಲಾಗುವವರೆಗೆ ಇನ್ನಷ್ಟು ಒಡೆದ. ಪ್ರತಿ ಏಟೂ ಅಡುಗೆಮನೆಗೆ ಕೇಳುತ್ತಿತ್ತು. ಗಂಡನಿಗೆ ಇಷ್ಟು ನೋವಾಗಿದ್ದನ್ನು ಕಿರ್ಸಿ ಅವನ ಅಪ್ಪ ತೀರಿಕೊಂಡ ಮೇಲೆ ನೋಡಿರಲಿಲ್ಲ.

ಇದಕ್ಕೆ ಪುಸ್ತಕದಲ್ಲಿ ಮದ್ದಿತ್ತು. ಬೇಸರಗೊಂಡ ಗಿರಾಕಿಗೆ ತಡಮಾಡದೆ ಫೋನು ಮಾಡಬೇಕು. ಮೊದಲು ಕ್ಷಮೆ, ಆಮೇಲೆ ಮಿಕ್ಕ ಮಾತು. ಮರುದಿನ ಲೆಂಪಿ ಕಾಡಿಗೆ ಲಿಂಗೊನ್ ಹಣ್ಣು ಬಿಡಿಸಲು ಹೋದದ್ದೇ ತಡ, ಕಿರ್ಸಿ ಕೂತುಬಿಟ್ಟಳು. ಏಳು ಕೊಟ್ಟವರನ್ನೂ ಬಿಡಲಿಲ್ಲ.

“ನಾನು ಚಿಮಣಿ ಎಸ್ಕೊನ ಹೆಂಡತಿ ಕಿರ್ಸಿ. ನಮ್ಮ ಕೆಲಸದಲ್ಲಿ ನಿಮಗೆ ಏನಾದ್ರೂ ಕೊರತೆ ಆಗಿದ್ರೆ ಮನಸಾರೆ ಕ್ಷಮೆ ಕೇಳ್ತೀನಿ.”

ಆ ಕಡೆಯಿಂದ ಬರೀ, “ಹೌದಾ,” ಅಥವಾ “ಆಯ್ತು.” ಕೆರೆದಂಡೆಯ ಮುದುಕ ಓಲವಿ ಮಾತ್ರ, “ಕ್ಷಮೆ?” ಎಂದು ಒಂದು ಸಲ ಕೇಳಿ ಇಟ್ಟುಬಿಟ್ಟ. ಹಳೆಯ ನಾರುಬಟ್ಟೆ ಗಿರಣಿಯ ಸಾಲುಮನೆಗಳ ಸಂಘದ ಅಧ್ಯಕ್ಷೆ ಇರ್ಮೆಲಿಯಂತೂ, “ತಿಳೀತು,” ಎಂದಳು, ಬ್ಯಾಂಕಿನಿಂದ ನಿವೃತ್ತಳಾದ ಹೆಂಗಸಿನ ದನಿಯಲ್ಲಿ. ಎಲ್ಲರ ಮನಸ್ಸೂ ತಣ್ಣಗಾಯಿತೆಂದು ಕಿರ್ಸಿ ತಿಳಿದಳು. ಆ ಖುಷಿಯಲ್ಲಿ ಏಲಕ್ಕಿ ಬನ್ನು ಬೇಯಿಸಿದಳು. ಲೆಂಪಿಯೂ ಎರಡು ತಿಂದಳು.

ಒಂದು ವಾರ ಊರು ತೆಪ್ಪಗಿತ್ತು. ಆಮೇಲೆ ಎಸ್ಕೊ ಒಂದು ಸಂಜೆ ಮಸಿ ಬಟ್ಟೆಯನ್ನೂ ಕಳಚದೆ ಅಡುಗೆಮನೆಗೆ ಬಂದು ನಿಂತ.

“ಪೆಟ್ರೋಲ್ ಬಂಕಲ್ಲಿ ಕಾಫಿ ಕುಡೀತಿದ್ದೆ. ನನ್ನ ನೋಡಿ ಮಾತು ನಿಲ್ಸಿದ್ರು. ಯಾವ ಚಿಮಣೀಲಿ ಬಿರುಕು ಬಿಟ್ಟು ಬಂದಿದೀಯ ಅಂತ ಕೇಳ್ತಾರೆ.”

“ಬಿರುಕಾ? ಯಾರಂದ್ರು?”

“ನೀನೇ ಅಂದ್ಯಂತೆ. ಫೋನ್ ಮಾಡಿ ಕ್ಷಮೆ ಕೇಳಿದ್ಯಂತೆ. ಏನೂ ಆಗ್ದೆ ಯಾರಾದ್ರೂ ಕ್ಷಮೆ ಕೇಳ್ತಾರಾ?”

ಒಂದೊಂದೇ ಹೊರಬಿತ್ತು. ಬಿರುಕಿನಿಂದ ಮನೆಗೆ ಬೆಂಕಿ ಬಿದ್ದೀತೆಂದು ಓಲವಿ ನಾಲ್ಕಾರು ದಿನದಿಂದ ಒಲೆ ಹಚ್ಚಿಲ್ಲ; ಮನೆಯೊಳಗೆ ಕೋಟು ತೊಟ್ಟುಕೊಂಡು ತಣ್ಣನೆಯದನ್ನೇ ತಿನ್ನುತ್ತಿದ್ದಾನೆ. ಸಾಲುಮನೆಗಳವರು ಅಂಗಳದ ಸೌನಾಕ್ಕೆ, ಆ ಹಬೆಸ್ನಾನದ ಮನೆಗೆ, ಬೆಂಕಿ ಹಾಕುವುದನ್ನೇ ನಿಲ್ಲಿಸಿದ್ದಾರೆ. ಶನಿವಾರ ಸೌನಾ ಇಲ್ಲ! ಯುದ್ಧಕಾಲದಲ್ಲೂ ನಿಲ್ಲದ್ದು. ಸಂಘ ಸಭೆ ಸೇರಿ ಎಲ್ಲ ಚಿಮಣಿಗಳನ್ನೂ ಬಿಳಿ ವ್ಯಾನಿನವರಿಗೆ ಒಪ್ಪಿಸುವ ಮಾತು ನಡೆದಿದೆ. ಆ ಸಾಲುಮನೆಗಳು ಕೈಬಿಟ್ಟರೆ ಎಸ್ಕೊನ ಅರ್ಧ ವರ್ಷದ ಕೆಲಸವೇ ಹೋದಂತೆ. ಅವರು ಹೋದರೆಂದು ತಿಳಿದರೆ ಉಳಿದವರೂ ನಿಲ್ಲುವುದಿಲ್ಲ.

ಲೆಂಪಿ ಟೀವಿ ಆರಿಸಿ ಬಂದಳು. ಅವಳ ಟೀವಿ ನಿಂತರೆ ಬೀದಿಯೇ ನಿಶ್ಶಬ್ದವಾಗುತ್ತಿತ್ತು.

“ನಲವತ್ತು ವರ್ಷ ಎರಡೇ ಮಾತಲ್ಲಿ ಕಸುಬು ನಡೆಸ್ದೆ ನಾನು. ಒಬ್ಬರ ಒಲೆ ಆರಲಿಲ್ಲ. ಇವಳು ಒಂದು ಮಧ್ಯಾಹ್ನ ಬಾಯಿ ಬಿಟ್ಟಳು, ಊರೇ ನಡುಗ್ತಾ ಕೂತಿದೆ.”

“ನಿಮ್ಮ ಎರಡು ಮಾತಿಂದ್ಲೇ ಅತ್ತೆ, ಊರಿನ ಮೂರರಲ್ಲೊಂದು ಪಾಲು ಜನ ಬಿಳಿ ವ್ಯಾನ್ ಹತ್ತಿದ್ದು!”

“ಏನಂದೆ?”

“ಕೇಳಿಸ್ತಲ್ಲ!”

“ಅಮ್ಮಾ,” ಎಂದಳು ಹಿಲ್ಲಾ ಮೆಲ್ಲಗೆ.

ಎಸ್ಕೊ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಬಿಳಿಯ ಮೇಜುಬಟ್ಟೆಯ ಮೇಲೆ ಮಸಿ ಉದುರಿತು; ಯಾರೂ ಬೈಯಲಿಲ್ಲ. “ಆ ಕಾಲೇಜು ಬಿಟ್ಬಿಡು ಕಿರ್ಸಿ,” ಎಂದ. “ವೃದ್ಧಾಶ್ರಮದ ಅಡುಗೆಮನೇಲಿ ಜನ ಬೇಕಂತೆ.”

ಕಿರ್ಸಿ ಮಸಿಯಾದ ಮೇಜುಬಟ್ಟೆಯನ್ನು ಎಳೆದು ಬಕೆಟ್ಟಿಗೆ ಹಾಕಿದಳು. “ಹಾಳು ಮಾಡಿದ್ದು ನಾನು. ಸರಿ ಮಾಡೋದೂ ನಾನೇ. ಅಲ್ಲೀವರೆಗೂ ಬಿಡೋ ಮಾತೆತ್ತಬೇಡ,” ಎಂದಳು.

ಮಾರನೆಯ ದಿನ ಅವಳು ಕಾಲೇಜಿಗೆ ಹೋಗದೆ ಎಸ್ಕೊನ ವ್ಯಾನಿನಲ್ಲಿ ಕೂತಳು. ಮೊದಲು ಓಲವಿಯ ಮನೆ. ಮುದುಕ ಕೋಟಿನಲ್ಲೇ ಬಾಗಿಲು ತೆರೆದ. ಎಸ್ಕೊ ಏಣಿ ಹತ್ತಿ ಕನ್ನಡಿ, ದೀಪ ಹಿಡಿದು ಚಿಮಣಿಯೊಳಗೆ ಇಣುಕತೊಡಗಿದ. ಓಲವಿ ಕರೆಂಟಿನ ಪಾತ್ರೆಯಲ್ಲಿ ಕಾಫಿ ಕಾಯಿಸಿ ಕಿರ್ಸಿಯ ಮುಂದಿಟ್ಟ.

ಕಾಲೇಜಿನ ಪಾಠದಲ್ಲಿ ಇನ್ನೊಂದು ಮಾತಿತ್ತು, ಪುಸ್ತಕದ ಹಿಂದಿನ ಪುಟಗಳಲ್ಲಿ: ಒಂದೇ ಪ್ರಶ್ನೆ ಕೇಳಿ, ಆಮೇಲೆ ಸುಮ್ಮನಿರಿ, ಗಿರಾಕಿ ಮುಗಿಸುವವರೆಗೆ ಬಾಯಿ ತೆರೆಯಬೇಡಿ. ಅಂದು ತರಗತಿಯಲ್ಲಿ ಎಲ್ಲರೂ ನಕ್ಕಿದ್ದರು. ಸುಮ್ಮನಿರುವುದನ್ನೂ ನಮಗೆ ಕಲಿಸಬೇಕೇ ಎಂದು.

“ಓಲವಿ, ನೀವು ಏಳು ಕೊಟ್ರಿ. ಯಾಕೆ?” ಎಂದು ಕೇಳಿ ಅವಳು ಸುಮ್ಮನಾದಳು.

ಮುದುಕ ಕಾಫಿ ಕುಡಿದ. ಕೆರೆಯ ಕಡೆ ನೋಡಿದ. ಇನ್ನೊಂದು ಲೋಟ ಬಗ್ಗಿಸಿಕೊಂಡ. ಕಿರ್ಸಿಯ ಬಾಯಿ ತುರಿಸುತ್ತಿತ್ತು, ಆದರೂ ತಡೆದುಕೊಂಡಳು.

“ಏಳು ಒಳ್ಳೇದಲ್ವಾ?” ಎಂದ ಓಲವಿ. “ಅವನ ಕೆಲಸದಲ್ಲಿ ಹೇಳೋಕೇನಿಲ್ಲ. ಹತ್ತು ಯಾರಿಗಾದ್ರೂ ಕೊಡ್ತಾರಾ? ನನ್ನ ಮದುವೆಗೇ ನಾನು ಎಂಟು ಕೊಡ್ತೀನಿ. ಒಳ್ಳೇ ಮದುವೆ ಅದು.”

ಅವಳು ಕಾದಳು.

“ನನಗೆ ಫೋನ್ ಮಾಡಿ ಕ್ಷಮೆ ಕೇಳಿದೋರು ಇದುವರೆಗೂ ಒಬ್ಬರೇ. ಆಸ್ಪತ್ರೆಯವರು. ಹೆಂಡ್ತಿ ಹೋದ ದಿನ.” ಅವನು ಮೇಜಿನ ಅಂಚನ್ನು ಕೈಯಿಂದ ಒರೆಸಿದ. “ನೀನು ಹಾಗಂದ ಕೂಡ್ಲೇ ಒಲೆ ಕಡೆ ಹೋಗೋಕೇ ಕಾಲು ಬರಲಿಲ್ಲ.”

ಮತ್ತೊಮ್ಮೆ ಕ್ಷಮಿಸಿ ಎನ್ನಲು ಹೊರಟ ಕಿರ್ಸಿ ಸದ್ಯ ನಾಲಗೆ ಕಚ್ಚಿಕೊಂಡಳು. “ಒಲೆಗೆ ಏನೂ ಆಗಿಲ್ಲ. ಅಂಕ ಓದೋಕೆ ಬರದೆ ಇದ್ದದ್ದು ನನಗೆ,” ಎಂದಳು.

“ಹಾಗಾದ್ರೆ ಸರಿ.” ಓಲವಿಯ ಮುಖ ಸಡಿಲವಾಯಿತು. ಬಾಗಿಲವರೆಗೆ ಬಂದಮೇಲೆ, ಯಾವುದೋ ಸಣ್ಣ ವಿಷಯವೆಂಬಂತೆ, “ಬರೋ ದಿನ ಮಾತ್ರ ಹೇಳಿದ್ರೆ ಚೆನ್ನಾಗಿತ್ತು,” ಎಂದ. “ಎಲ್ಲಿ ಬಂದು ಹೋಗ್ಬಿಡ್ತಾನೋ ಅಂತ ಮೇ ತಿಂಗಳೆಲ್ಲ ದೋಣಿ ನೀರಿಗಿಳಿಸದೆ ಕಾಯ್ತೀನಿ. ಮೀನು ಸಿಗೋದೇ ಆವಾಗ.”

ಎಸ್ಕೊ ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ. ವ್ಯಾನಿನಲ್ಲಿ ಬಹಳ ದೂರ ಬಂದಮೇಲೆ, “ನನಗೆ ಯಾವತ್ತೂ ಹೇಳಿರಲಿಲ್ಲ ಅವನು,” ಎಂದ.

“ನೀನು ಕೇಳಿರಲಿಲ್ಲ.”

“ಹೂಂ.”

ಆ ವಾರವಿಡೀ ಇಬ್ಬರೂ ಮನೆಮನೆ ಸುತ್ತಿದರು. ಅವನು ಸೂರಿನ ಮೇಲೆ, ಅವಳು ಅಡುಗೆಮನೆಯಲ್ಲಿ. ಕುಡಿದ ಕಾಫಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಎಲ್ಲರದೂ ಹೆಚ್ಚುಕಡಿಮೆ ಓಲವಿಯ ಮಾತೇ. ಕೆಲಸಕ್ಕೆ ಹೆಸರಿಡುವಂತಿಲ್ಲ, ಆದರೆ ಯಾವಾಗ ಬರುತ್ತಾನೆಂದು ತಿಳಿಯದು. ನೌಕರಿಗೆ ರಜೆ ಹಾಕಿ ಕೂತರೆ ಅಂದು ಬರುವುದಿಲ್ಲ. ಅಂಕ ಓದುವುದರಲ್ಲಿ ಕಿರ್ಸಿ ಎಡವಿದ್ದೇನೋ ನಿಜ. ಜನ ಬಿಟ್ಟುಹೋಗುತ್ತಿರುವುದು ಯಾತಕ್ಕೆಂದು ಊಹಿಸಿದ್ದು ಮಾತ್ರ ಸರಿಯಾಗಿಯೇ ಇತ್ತು. ಹಾಗೆಂದು ಮನೆಯಲ್ಲಿ ಹೇಳುವುದು ಹೇಗೆ? ಲೆಂಪಿ ಸೊಸೆಯ ಜೊತೆ ಮಾತು ಬಿಟ್ಟಿದ್ದಳು. ಉಪ್ಪು ಬೇಕಾದರೂ ಹಿಲ್ಲಾಳ ಕೈಲಿ ಕೇಳಿಸುತ್ತಿದ್ದಳು.

ಸಂಘದ ಸಭೆ ಶನಿವಾರ ಮಧ್ಯಾಹ್ನ, ಸಾಲುಮನೆಗಳ ಬಟ್ಟೆ ಒಗೆಯುವ ಕೋಣೆಯಲ್ಲಿ. ಹೊರಡುವ ಹೊತ್ತಿಗೆ ಲೆಂಪಿ ಒಳ್ಳೆಯ ಕೋಟು ತೊಟ್ಟು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಾಗಿತ್ತು.

“ಅಮ್ಮ, ನೀನ್ಯಾಕೆ?” ಎಂದ ಎಸ್ಕೊ.

“ನನ್ನ ಗಂಡ ಗುಡಿಸಿದ ಚಿಮಣಿ ಅವು. ಯಾರ ಕೈಗೆ ಹೋಗುತ್ತೋ ನೋಡಿಯೇ ಹೋಗ್ತೀನಿ.”

ಒಗೆಯುವ ಯಂತ್ರಗಳ ನಡುವೆ ಮಡಚು ಕುರ್ಚಿ ಹಾಕಿದ್ದರು. ಜನ ತುಂಬಿದ್ದರು. ಇರ್ಮೆಲಿ ಕನ್ನಡಕ ಏರಿಸಿ, “ಹೇಳಿ,” ಎಂದಳು. ಎಸ್ಕೊ ತನ್ನ ಬೂಟು ನೋಡಿಕೊಂಡ. ಕಿರ್ಸಿ ಎದ್ದಳು.

“ನಿಮ್ಮ ಚಿಮಣಿಗಳಲ್ಲಿ ಏನೂ ದೋಷ ಇಲ್ಲ. ನೀವು ಒಳ್ಳೇದು ಅಂತ ಕೊಟ್ಟ ಅಂಕಾನ ನಾನು ಕೆಟ್ಟದ್ದು ಅಂದ್ಕೊಂಡೆ. ಕಲಿಯೋರು ಮಾಡೋ ತಪ್ಪು ಅದು. ಮಾಡಿದ್ದು ನಾನು, ಎಸ್ಕೊ ಅಲ್ಲ. ಈಗ್ಲೇ ಬೇಕಾದ್ರೆ ಅವನು ಒಂದೊಂದು ಮಸಿಬಾಗಿಲೂ ತೆಗೆದು ತೋರಿಸ್ತಾನೆ, ನೀವೇ ನೋಡಿ.”

“ನೋಡಿ ಆಗಿದೆ,” ಎಂದಳು ಇರ್ಮೆಲಿ. “ಮೊನ್ನೆ ಬಿಳಿ ವ್ಯಾನಿನವನನ್ನ ಕರೆಸಿದ್ವಿ. ಇಷ್ಟು ಶುದ್ಧವಾಗಿರೋ ಚಿಮಣಿಗೆ ನನ್ನ ಯಾಕೆ ಕರೆದ್ರಿ ಅಂದ.”

ಎಸ್ಕೊನ ಕತ್ತು ಕೆಂಪಾಯಿತು. ಕಿರ್ಸಿಗೆ ಕುಣಿಯಬೇಕೆನಿಸಿತು. ಇರ್ಮೆಲಿ ಮುಗಿಸಿರಲಿಲ್ಲ.

“ಆದ್ರೆ ಅವನು ಇಂಥ ದಿನ, ಇಷ್ಟು ಗಂಟೆಗೆ ಅಂದ, ಬಂದ. ನಿಮ್ಮಲ್ಲಿ ಅದೆಲ್ಲಿದೆ?”

“ದಿನಾನೂ ಹೇಳ್ತೀವಿ, ಗಂಟೇನೂ ಹೇಳ್ತೀವಿ. ತಡ ಆಗೋ ಹಾಗಿದ್ರೆ ಮುಂಚೆನೇ ಫೋನ್ ಮಾಡ್ತೀವಿ.”

“ಯಾರು ಮಾಡ್ತಾರೆ? ಫೋನ್ ಎತ್ತೋದು ಯಾರು ಅನ್ನೋದೇ ನನ್ನ ಪ್ರಶ್ನೆ. ಮೊದಲಾದ್ರೆ ಲೆಂಪಿ ವಾರನಾದ್ರೂ ಹೇಳ್ತಿದ್ಲು. ಈಗ ಮೂರು ವರ್ಷದಿಂದ ಅದೂ ಇಲ್ಲ. ಮತ್ತೆ ಅವಳೇನಾ?”

ಕೋಣೆಯ ಕಣ್ಣುಗಳೆಲ್ಲ ಹಿಂದಿನ ಸಾಲಿಗೆ ತಿರುಗಿದವು. ಕಿರ್ಸಿ ಅತ್ತೆಯನ್ನು ನೋಡಿದಳು. “ನಾನು” ಎಂದರೆ ಸಾಲುಮನೆಗಳು ಉಳಿಯುತ್ತವೆ. ಆದರೆ ಊರಿನೆದುರು ಮುದುಕಿಯ ಜೇಬಿಗೆ ಕೈಹಾಕಿದಂತೆ. ಎನ್ನದಿದ್ದರೆ ಸಾಲುಮನೆಗಳೂ ಇಲ್ಲ, ಕಸುಬೂ ಇಲ್ಲ. ಅವಳು ಇನ್ನೂ ಬಾಯಿ ತೆರೆದಿರಲಿಲ್ಲ. ಲೆಂಪಿ ಮಗನತ್ತ ವಾಲಿ, ತಾನು ಪಿಸುಗುಡುತ್ತಿದ್ದೇನೆಂದುಕೊಂಡು ಎಲ್ಲರಿಗೂ ಕೇಳುವಂತೆ, “ಏನಂತೆ? ಯಾಕೆ ನನ್ನ ನೋಡ್ತಿದಾರೆ?” ಎಂದಳು.

ಕಿರ್ಸಿಗೆ ಆಗ ಒಮ್ಮೆಲೇ ಎಲ್ಲ ತಿಳಿಯಿತು. ಈ ಮೂರು ವರ್ಷವೂ ತಾನು ಅತ್ತೆಯ ಜೊತೆ ಒಂದೇ ಮೇಜಿನಲ್ಲಿ ಉಂಡಿದ್ದಾಳೆ. ಊರಿನ ಪ್ರತಿ ಅಡುಗೆಮನೆಯಲ್ಲಿ ಕೂತು ಕೇಳಿಸಿಕೊಂಡು ಬಂದಿದ್ದಾಳೆ, ಸ್ವಂತ ಮನೆಯಲ್ಲಿ ಮಾತ್ರ ಕೇಳಿರಲಿಲ್ಲ. ಹೋಗಿ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತು, ಕಿವಿಯ ಹತ್ತಿರ ಬಾಗಿ, “ಇನ್ಮೇಲೆ ಫೋನ್ ಯಾರು ಎತ್ತೋದು ಅಂತ ಕೇಳ್ತಿದಾರೆ ಅತ್ತೆ. ನೀವೇ ಹೇಳಿ,” ಎಂದಳು. ಆಮೇಲೆ ಸುಮ್ಮನಾದಳು.

ಬಹಳ ಹೊತ್ತಾಯಿತು. ಯಾರೂ ಕೆಮ್ಮಲೂ ಇಲ್ಲ. ಹಾಮೆಯವರಿಗೆ ಕಾಯುವುದು ಗೊತ್ತು.

“ನನಗೆ ಫೋನಲ್ಲಿ ಅರ್ಧ ಕೇಳಿಸಲ್ಲ,” ಎಂದಳು ಲೆಂಪಿ ಇಡೀ ಕೋಣೆಗೆ. “ಯಾರು ಮಾತಾಡ್ತಿರೋದು ಅಂತ್ಲೂ ಗೊತ್ತಾಗಲ್ಲ. ಯಾವಾಗ ಅಂತ ಕೇಳ್ತಿರಬೇಕು ಅಂದ್ಕೊಂಡು ಉತ್ತರ ಹೇಳ್ತಿದ್ದೆ. ತಪ್ಪು ದಿನ ಹೇಳೋದಕ್ಕಿಂತ ಯಾವ ದಿನಾನೂ ಹೇಳದೆ ಇರೋದು ವಾಸಿ ಅನ್ನಿಸ್ತು.” ಅವಳು ಕೋಟಿನ ಜೇಬಿನಿಂದ ಫೋನು ತೆಗೆದು ಸೊಸೆಯ ಮಡಿಲಿಗೆ ಹಾಕಿದಳು. “ಎತ್ತೋದು ಇವಳು. ಸ್ವಲ್ಪ ಜಾಸ್ತಿ ಮಾತಾಡ್ತಾಳೆ, ಸಹಿಸ್ಕೊಳ್ಳಿ.”

ಎಸ್ಕೊ ತಾಯಿಯ ಕೈ ಹಿಡಿದುಕೊಂಡ. ಅವರ ಮನೆಯಲ್ಲಿ ಹಾಗೆ ಕೈ ಹಿಡಿದದ್ದನ್ನು ಕಿರ್ಸಿ ಹಿಂದೆ ನೋಡಿರಲಿಲ್ಲ.

“ಸಭೆ ಮುಗೀತು,” ಎಂದಳು ಇರ್ಮೆಲಿ. ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಕುರ್ಚಿ ಮಡಚಿ ಗೋಡೆಗೆ ಒರಗಿಸಿ ಹೊರಗೆ ಹೋದಳು. ಕಿರ್ಸಿ ಹೊಸ್ತಿಲಿಗೆ ಬಂದು ನೋಡಿದಾಗ ಆ ನಿವೃತ್ತ ಹೆಂಗಸು ಅಂಗಳದ ಸೌನಾದ ಮುಂದೆ ಮಂಡಿಯೂರಿ ಒಲೆಗೆ ಬರ್ಚ್ ಸೌದೆ ತುರುಕುತ್ತಿದ್ದಳು. ಸೂರಿನ ಮೇಲೆ ಮೊದಲು ತೆಳ್ಳಗೆ, ಆಮೇಲೆ ದಟ್ಟವಾಗಿ ಹೊಗೆ ಎದ್ದಿತು. ಸಾಲುಮನೆಗಳ ಗಂಡಸರು ಜೇಬಿಗೆ ಕೈಹಾಕಿಕೊಂಡು ನಿಂತು ಅದನ್ನೇ ನೋಡಿದರು.

“ಹೆಂಗಸರ ಸರದಿ ಐದಕ್ಕೆ,” ಎಂದಳು ಇರ್ಮೆಲಿ ತಿರುಗಿ ನೋಡದೆ. “ಟವೆಲ್ ಇಲ್ದಿದ್ರೆ ನಾನು ಕೊಡ್ತೀನಿ.”

ಐದಕ್ಕೆ ಕಿರ್ಸಿ, ಲೆಂಪಿ, ಇರ್ಮೆಲಿ ಮೂವರೂ ಸೌನಾದ ಮೇಲಿನ ಹಲಗೆಯ ಮೇಲೆ ಕೂತಿದ್ದರು. ಇರ್ಮೆಲಿ ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಹೊಯ್ದಳು. ಹಬೆ ಬೆನ್ನಿಗೆ ಸುತ್ತಿಕೊಂಡಿತು.

“ಮುಂದಿನ ವರ್ಷ ಮೇ ಎರಡನೇ ವಾರ ನಮಗೆ ಅನುಕೂಲ,” ಎಂದಳು ಇರ್ಮೆಲಿ, ಕಲ್ಲುಗಳಿಗೆ ಹೇಳುವಂತೆ.

“ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಶುರು ಮಾಡ್ತಾನೆ,” ಎಂದಳು ಕಿರ್ಸಿ.

ಲೆಂಪಿ ಬೆವರು ಒರೆಸಿಕೊಂಡು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. “ಏನಂತೆ?” ಎಂದಳು. ಇಷ್ಟು ವರ್ಷದಲ್ಲಿ ಸೊಸೆಯನ್ನು ಅವಳು ಹಾಗೆ ಕೇಳಿದ್ದು ಅದೇ ಮೊದಲು.

ಕಿರ್ಸಿ ಅವಳ ಕಿವಿಗೆ ಬಾಯಿ ಹಚ್ಚಿದಳು.

“ಉಳ್ಕೊಂಡ್ವಿ, ಅತ್ತೆ.”